ಪೈಲ್, ಮೈಕ್ರೋಪೈಲ್, ಆ್ಯಂಕರ್: ಮುಚ್ಚಿದ ಕೆರೆಯ ಅಂಚಿನ ಸೈಟಿಗೆ ಯಾವುದು ಸರಿ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಬೆಂಗಳೂರಿನಲ್ಲಿ 40-60ರ ಸೈಟು, ಹಿಂದೆ ಮುಚ್ಚಿದ ಕೆರೆಯೊಂದರ ಅಂಚಿನಲ್ಲಿದೆ. ಒಂದು ಬೇಸ್‌ಮೆಂಟ್, ಮೇಲೆ ನಾಲ್ಕು ಅಂತಸ್ತು ಕಟ್ಟಬೇಕು. ಒಬ್ಬ ಗುತ್ತಿಗೆದಾರರು ಪೈಲ್ ಅಂದಿದ್ದಾರೆ, ಇನ್ನೊಬ್ಬರು ಮೈಕ್ರೋಪೈಲ್, ಮೂರನೆಯವರು ಸಾಯಿಲ್ ಆ್ಯಂಕರ್. ಗದಗದ ಹತ್ತಿರ ನಿಮ್ಮ ತಂದೆಯವರ ಮನೆಗೆ ಹಾಕಿದ ಅಂಡರ್‌ರೀಮ್ಡ್ ಪೈಲ್ (ಬುಡದ ಹತ್ತಿರ ಬುಡ್ಡೆಯಂತೆ ಅಗಲ ಮಾಡಿದ ಪೈಲ್) ಇಲ್ಲಿಗೂ ಸಾಲದೇ ಎಂದೂ ಕೇಳಿದ್ದೀರಿ.

ಪಾಯದ ಡಿಸೈನ್ ನನ್ನ ಕಸುಬು. ಮೊದಲು ಒಂದು ಮಾತು: ಈ ಮೂರೂ ಒಂದೇ ಕೆಲಸಕ್ಕೆ ಬರುವವಲ್ಲ. ಪೈಲ್ ಎಂದರೆ ನೆಲದೊಳಗೆ ಆಳಕ್ಕೆ ಇಳಿಸುವ ಕಂಬ, ಮೈಕ್ರೋಪೈಲ್ ಅದರ ಸಣ್ಣ ರೂಪ; ಇವೆರಡೂ ಕಟ್ಟಡದ ಭಾರವನ್ನು ಕೆಳಗಿನ ಗಟ್ಟಿ ಪದರಕ್ಕೆ ಮುಟ್ಟಿಸುತ್ತವೆ. ಆ್ಯಂಕರ್ ಎಂದರೆ ಪಕ್ಕದ ಮಣ್ಣಿನೊಳಗೆ ಕೊರೆದು ಕೂರಿಸುವ ಉಕ್ಕಿನ ಕಟ್ಟು; ಅದು ಅಗೆದ ಗುಂಡಿಯ ಪಕ್ಕದ ಮಣ್ಣು ಒಳಕ್ಕೆ ಜಾರದಂತೆ ಎಳೆದು ಹಿಡಿಯುತ್ತದೆ. ಹಾಗಾಗಿ ಮೂರು ಕೊಟೇಶನ್ ಪಕ್ಕಪಕ್ಕ ಇಟ್ಟು ರೇಟು ನೋಡಿದರೆ ಏನೂ ಗೊತ್ತಾಗುವುದಿಲ್ಲ. ತಮ್ಮ ಹತ್ತಿರ ಯಾವ ಮೆಷಿನ್ ಇದೆಯೋ ಅದನ್ನೇ ಹೇಳುವವರು ಈ ಕಸುಬಿನಲ್ಲಿ ಜಾಸ್ತಿ. ನಿಮ್ಮ ಸೈಟಿನಲ್ಲಿ ಕಷ್ಟ ಎಲ್ಲಿದೆ? ಕೆಳಗಿನ ಮಣ್ಣು ಭಾರ ಹೊರುವುದಿಲ್ಲವೋ, ಪಕ್ಕದ ಮಣ್ಣು ತಳ್ಳುತ್ತದೆಯೋ, ನೀರು ಕೆಳಗಿನಿಂದ ಎತ್ತುತ್ತದೆಯೋ? ಅದು ಗೊತ್ತಾಗದೆ ಯಾರಿಗೂ ಅಡ್ವಾನ್ಸ್ ಕೊಡಬೇಡಿ.

ಅದಕ್ಕೆ ನಿಮ್ಮದೇ ಸೈಟಿನ ಸಾಯಿಲ್ ಟೆಸ್ಟ್ ಬೇಕು. ಪಕ್ಕದವರ ರಿಪೋರ್ಟ್ ಆಗುವುದಿಲ್ಲ. ಕೆರೆಯ ಅಂಚು ಅಂದಮೇಲೆ ಒಂದು ಮೂಲೆಯಲ್ಲಿ ಗಟ್ಟಿ ಕೆಂಪು ಮಣ್ಣು ಸಿಕ್ಕರೆ, ಇನ್ನೊಂದು ಮೂಲೆಯಲ್ಲಿ ಒಡೆದ ಇಟ್ಟಿಗೆ, ಪ್ಲಾಸ್ಟಿಕ್, ಅದರಡಿ ಕಪ್ಪು ಹೂಳು ಸಿಗಬಹುದು. ಎರಡು ಬೋರ್‌ಹೋಲ್ ಬೇಕೇ ಬೇಕು, ಮೂರು ಆದರೆ ಒಳ್ಳೆಯದು. 63.5 ಕೆಜಿಯ ಸುತ್ತಿಗೆಯನ್ನು 75 ಸೆಂ.ಮೀ. ಮೇಲಿಂದ ಬೀಳಿಸುತ್ತಾ, ಬೋರ್‌ಹೋಲಿನ ತಳದಲ್ಲಿಟ್ಟ ನಳಿಗೆ ಮಣ್ಣಿನೊಳಗೆ 30 ಸೆಂ.ಮೀ. ಇಳಿಯಲು ಎಷ್ಟು ಏಟು ಬೇಕಾಯಿತು ಎಂದು ಎಣಿಸುತ್ತಾರೆ. ಇದೇ ಎನ್ ವ್ಯಾಲ್ಯೂ. ಹೂಳಿನಲ್ಲಿ ಎರಡು ಮೂರು ಏಟಿಗೇ ಇಳಿದುಬಿಡುತ್ತದೆ. ಶಿಥಿಲವಾದ ಬಂಡೆಗೆ ಬಂದಾಗ ಐವತ್ತು ಏಟಿಗೂ ಇಳಿಯುವುದಿಲ್ಲ.

ಇಲ್ಲಿ ಬೆಂಗಳೂರಿನದೇ ಒಂದು ತೊಡಕಿದೆ. ನಮ್ಮ ಕೆಳಗಿರುವುದು ನೈಸ್ ಎನ್ನುವ ಬಂಡೆ. ಅದು ಎಲ್ಲ ಕಡೆ ಒಂದೇ ಸಮನೆ ಕರಗಿ ಮಣ್ಣಾಗಿಲ್ಲ. ಮಣ್ಣಿನ ನಡುವೆ ದೊಡ್ಡ ಗುಂಡುಗಳು ಹಾಗೇ ಉಳಿದಿರುತ್ತವೆ. ಡ್ರಿಲ್ಲರ್ 'ಕಲ್ಲು ಸಿಕ್ತು ಸಾರ್' ಅಂದ ಕೂಡಲೇ ನಿಲ್ಲಿಸಲು ಬಿಡಬೇಡಿ. ಇನ್ನೂ ಮೂರು ಮೀಟರ್ ಕೊರೆಸಿ ಕೋರ್ (ಕಲ್ಲಿನ ಉರುಳೆ ಮಾದರಿ) ತೆಗೆಸಿ. ಗುಂಡಾಗಿದ್ದರೆ ಅದರ ಕೆಳಗೆ ಮತ್ತೆ ಮಣ್ಣು ಕಾಣುತ್ತದೆ.

ರಿಪೋರ್ಟ್ ಬಂದಮೇಲೆ ಮೊದಲು ನೋಡಬೇಕಾದ್ದು ತುಂಬಿದ ಮಣ್ಣು ಮತ್ತು ಹೂಳು ಎಷ್ಟು ಆಳಕ್ಕಿದೆ ಅಂತ. ಬೇಸ್‌ಮೆಂಟಿಗೆ ನೀವು ಹೇಗೂ ಮೂರೂವರೆ, ನಾಲ್ಕು ಮೀಟರ್ ಅಗೆಯುತ್ತೀರಿ, ಅಲ್ವಾ? ಕೆಟ್ಟ ಮಣ್ಣು ಅಷ್ಟರೊಳಗೇ ಮುಗಿದರೆ ಅದೆಲ್ಲ ಲಾರಿಯಲ್ಲಿ ಹೊರಗೆ ಹೋಗುತ್ತದೆ. ಗಟ್ಟಿ ನೆಲದ ಮೇಲೆ ರಾಫ್ಟ್ (ಇಡೀ ಕಟ್ಟಡದಡಿ ಹಾಸುವ ಒಂದೇ ದಪ್ಪ ಕಾಂಕ್ರೀಟ್ ಪಾಯ) ಹಾಕಿದರೆ ಆಯಿತು, ಭಾರ ಹೊರಲು ಪೈಲ್ ಬೇಕಾಗುವುದೇ ಇಲ್ಲ. ಈ ಸಾಧ್ಯತೆಯನ್ನು ಮೂವರಲ್ಲಿ ಒಬ್ಬರೂ ನಿಮಗೆ ಹೇಳಿಲ್ಲ ಎನ್ನುವುದು ನನಗೆ ಬೇಸರ ತಂದಿತು. ಕೆರೆ ಜಾಗ ಎಂದು ಹೆದರಲೂ ಬೇಕಿಲ್ಲ. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಜಾಗದಲ್ಲಿ, ಕಂಠೀರವ ಕ್ರೀಡಾಂಗಣ ಇರುವುದು ಸಂಪಂಗಿ ಕೆರೆಯಲ್ಲಿ. ಆದರೆ ಸೈಟು ಕೆರೆ ಅಥವಾ ರಾಜಕಾಲುವೆಯ ಬಫರ್‌ನಲ್ಲಿ (ಸುತ್ತ ಕಟ್ಟದೆ ಬಿಡಬೇಕಾದ ಜಾಗದಲ್ಲಿ) ಬರುತ್ತದೆಯೇ ಎಂದು ಕಾಗದಪತ್ರ ಮೊದಲೇ ನೋಡಿಸಿ.

ಹೂಳು ಏಳೆಂಟು ಮೀಟರ್ ಇಳಿದಿದ್ದರೆ ಆಗ ಪೈಲ್ ಬೇಕು. ಬೋರ್ ಕೊರೆದು, ಸರಳಿನ ಪಂಜರ ಇಳಿಸಿ, ಅಲ್ಲೇ ಕಾಂಕ್ರೀಟ್ ತುಂಬುವ ಪೈಲ್. ಹೂಳಿನಲ್ಲಿ ಬೋರ್ ಕುಸಿಯುವುದರಿಂದ ಕೇಸಿಂಗ್ ಪೈಪ್ ಇಳಿಸಬೇಕು. ಕಾಂಕ್ರೀಟನ್ನು ಮೇಲಿನಿಂದ ಸುರಿಯಬಾರದು, ತಳದವರೆಗೆ ಇಳಿಸಿದ ಟ್ರೆಮಿ ಎನ್ನುವ ಪೈಪಿನಿಂದ ತಳದಿಂದಲೇ ತುಂಬಿಸುತ್ತಾ ಬರಬೇಕು. ಡಿಸೈನರ್ ಹತ್ತಿರ ಇನ್ನೊಂದು ವಿಷಯ ಕೇಳಿ. ತುಂಬಿದ ಮಣ್ಣು ವರ್ಷಗಟ್ಟಲೆ ನಿಧಾನಕ್ಕೆ ಕುಸಿಯುತ್ತಲೇ ಇರುತ್ತದೆ. ಕುಸಿಯುವಾಗ ಪೈಲಿನ ಮೈ ಹಿಡಿದು ಅದನ್ನೂ ಕೆಳಕ್ಕೆ ಜಗ್ಗುತ್ತದೆ. ಆ ಜಗ್ಗುವ ಭಾರವನ್ನೂ ಲೆಕ್ಕಕ್ಕೆ ಸೇರಿಸಿದ್ದಾರಾ?

ಪೈಲ್ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎನ್ನುವುದು ಅದು ಎಷ್ಟು ದಪ್ಪ ಎನ್ನುವುದಕ್ಕಿಂತ ಮುಖ್ಯ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2009ರಲ್ಲಿ ಮುಗಿದ 58 ಮಹಡಿಯ ಮಿಲೇನಿಯಂ ಟವರ್‌ನ ಪೈಲ್‌ಗಳು ಗಟ್ಟಿ ಮರಳಿನ ಪದರದಲ್ಲೇ ನಿಂತಿದ್ದವು. ಅದರ ಕೆಳಗೆ ದಪ್ಪನೆಯ ಜೇಡಿಮಣ್ಣು, ಬಂಡೆ ಇನ್ನೂ ಕೆಳಗೆ. 2016ರ ಹೊತ್ತಿಗೆ ಕಟ್ಟಡ ಸುಮಾರು 16 ಇಂಚು ಇಳಿದು, ಒಂದು ಕಡೆ ವಾಲಿತ್ತು. ಕೊನೆಗೆ ಬಂಡೆಯವರೆಗೆ ಹೊಸ ಪೈಲ್ ಇಳಿಸಬೇಕಾಯಿತು.

ಮೈಕ್ರೋಪೈಲ್ ಎಂದರೆ 300 ಮಿ.ಮೀ.ಗಿಂತ ಕಡಿಮೆ ದಪ್ಪದ ಪೈಲ್. 1950ರ ದಶಕದಲ್ಲಿ ಇಟಲಿಯ ಫರ್ನಾಂಡೋ ಲಿಝಿ ಹಳೆಯ ಕಟ್ಟಡಗಳ ಪಾಯ ಬಲಪಡಿಸಲು ಇದನ್ನು ರೂಪಿಸಿದರು. ಸಣ್ಣ ಮೆಷಿನ್ ಸಾಕು, ಬಂಡೆಗುಂಡನ್ನೂ ಕೊರೆದುಕೊಂಡು ಹೋಗುತ್ತದೆ. ನಿಮ್ಮ ರಸ್ತೆಗೆ ಪೈಲ್ ಕೊರೆಯುವ ದೊಡ್ಡ ರಿಗ್ ಬರಲು ಆಗದಿದ್ದರೆ ಮಾತ್ರ ಇದನ್ನು ಯೋಚಿಸಿ. ಖಾಲಿ ಸೈಟಿಗೆ ಸುಮ್ನೆ ದುಬಾರಿ.

ಗದಗದ ಲೆಕ್ಕವೇ ಬೇರೆ. ಅಲ್ಲಿನ ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಈ ಏರಿಳಿತ ಮೇಲಿನ ಮೂರೂವರೆ ಮೀಟರಿನಷ್ಟು ಪದರದಲ್ಲಿ ನಡೆಯುತ್ತದೆ. ಅದರ ಕೆಳಗೆ ಪೈಲಿಗೆ ಒಂದು ಬುಡ್ಡೆ ಮಾಡಿದರೆ ಉಬ್ಬುವ ಮಣ್ಣು ಪೈಲನ್ನು ಕಿತ್ತು ಎತ್ತಲು ಆಗುವುದಿಲ್ಲ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬೆಳೆಸಿದ ಈ ವಿಧಾನ ಆ ನೆಲಕ್ಕೆ ಬಹಳ ಚೆನ್ನಾಗಿ ಒಪ್ಪುತ್ತದೆ. ಸಡಿಲ ಹೂಳಿನಲ್ಲಿ ಬುಡ್ಡೆ ಕೊರೆಯಲು ಹೋದರೆ ಬೋರೇ ಕುಸಿಯುತ್ತದೆ.

ಇನ್ನು ಆ್ಯಂಕರ್. ನಿಮ್ಮ ಸೈಟಿನಲ್ಲಿ ನನಗೆ ನಿಜವಾಗಿ ಭಯ ಇರುವುದು ಇಲ್ಲೇ. ಪಕ್ಕದ ಮನೆಯ ಗೋಡೆಗೆ ಅಂಟಿದಂತೆ ನಾಲ್ಕು ಮೀಟರ್ ನೇರವಾಗಿ ಅಗೆಯುವುದು ಕೂಲಿಯವರ ಜೀವಕ್ಕೂ ಪಕ್ಕದವರ ಜೀವಕ್ಕೂ ಅಪಾಯ. ಸಾಮಾನ್ಯವಾಗಿ ನಮ್ಮಲ್ಲಿ ಮಾಡುವುದು ಸಾಯಿಲ್ ನೇಲಿಂಗ್. ಒಂದೊಂದೂವರೆ ಮೀಟರ್ ಅಗೆದು, ಸ್ವಲ್ಪ ಇಳಿಜಾರಾಗಿ ತೂತು ಕೊರೆದು, ಸರಳು (ಇದೇ ನೇಲ್) ಇಟ್ಟು ಗ್ರೌಟ್ ಅಂದರೆ ಸಿಮೆಂಟ್ ಹಾಲು ತುಂಬಿ, ಜಾಲರಿ ಕಟ್ಟಿ ಶಾಟ್‌ಕ್ರೀಟ್ (ಪೈಪಿನಿಂದ ಚಿಮ್ಮಿಸುವ ಕಾಂಕ್ರೀಟ್) ಹೊಡೆಯುತ್ತಾರೆ. ಆಮೇಲೆ ಮುಂದಿನ ಹಂತ. ಗೋಡೆ ಹಿಂದಿನ ನೀರು ಹೊರಬರಲು ಪೈಪ್ ಬಿಡಲೇಬೇಕು. ಆದರೆ ಮಣ್ಣು ತುಸು ಸರಿದ ಮೇಲೆಯೇ ನೇಲ್ ಬಿಗಿಯಾಗುತ್ತದೆ. ನಾಲ್ಕು ಮೀಟರ್ ಗುಂಡಿಗೆ ನಾಲ್ಕರಿಂದ ಹನ್ನೆರಡು ಮಿ.ಮೀ. ಸರಿಯಬಹುದು. ಪಕ್ಕದಲ್ಲಿ ಹಳೆಯ ಇಟ್ಟಿಗೆ ಮನೆ ಇದ್ದರೆ ಅಷ್ಟೇ ಬಿರುಕಿಗೆ ಸಾಕು. ಪ್ರೀಸ್ಟ್ರೆಸ್ ಮಾಡಿದ ಆ್ಯಂಕರ್ ಮೊದಲೇ ಎಳೆದು ಲಾಕ್ ಆಗಿರುತ್ತದೆ, ಸರಿತ ಕಡಿಮೆ. ಆದರೆ ಅದರ ಹಿಡಿತದ ಭಾಗ ಜಾರುವ ಮಣ್ಣಿನ ಆಚೆ ಇರಬೇಕು. ಆದ್ದರಿಂದ ಅದು ಇನ್ನೂ ಉದ್ದ.

ನೇಲ್ ಆಗಲಿ ಆ್ಯಂಕರ್ ಆಗಲಿ ಹೋಗುವುದು ಪಕ್ಕದವರ ನೆಲದೊಳಗೆ. ಅಲ್ಲಿ ಅವರ ಸಂಪ್, ಬೋರ್‌ವೆಲ್, ಒಳಚರಂಡಿ ಪೈಪ್ ಇರುತ್ತವೆ. ಅವರ ಲಿಖಿತ ಒಪ್ಪಿಗೆ ಇಲ್ಲದೆ ಕೊರೆಯಬೇಡಿ. ಒಪ್ಪದಿದ್ದರೆ ಅಂಚಿನಲ್ಲಿ ಸಾಲು ಪೈಲ್ ನಿಲ್ಲಿಸಿ, ಒಳಗಿನಿಂದ ಸ್ಟ್ರಟ್ (ಅಡ್ಡ ಊರುಗೋಲು) ಕೊಟ್ಟು ಅಗೆಯಬಹುದು. 40-60ರ ಸೈಟಿಗೆ ನನ್ನ ಒಲವು ಇದರ ಕಡೆಗೇ. ಸಡಿಲ ಹೂಳಿನಲ್ಲಿ ನೇಲ್‌ಗೆ ಹಿಡಿತವೂ ಸರಿಯಾಗಿ ಸಿಗುವುದಿಲ್ಲ. ಅಗೆಯುವ ಮೊದಲು ಅಕ್ಕಪಕ್ಕದ ಮನೆಗಳ ಬಿರುಕುಗಳ ಫೋಟೋ ತೆಗೆದಿಡಿ.

ನೀರಿನ ವಿಷಯ ಯಾರೂ ಹೇಳಿರಲಿಕ್ಕಿಲ್ಲ. ಬೇಸ್‌ಮೆಂಟ್ ತಳದಿಂದ ಮೇಲೆ ನಿಂತ ಪ್ರತಿ ಮೀಟರ್ ನೀರಿಗೆ ಚದರ ಮೀಟರಿಗೆ ಒಂದು ಟನ್ ಮೇಲ್ಮುಖ ಒತ್ತಡ ಬರುತ್ತದೆ. ಮೂರು ಮೀಟರ್ ನೀರಿದ್ದರೆ ಮೂರು ಟನ್. ಅದನ್ನು ತಡೆಯಲು ಕಾಂಕ್ರೀಟ್ ತೂಕ ಒಂದನ್ನೇ ನಂಬಿದರೆ 1.2 ಮೀಟರ್ ದಪ್ಪ ಬೇಕು. ನಾಲ್ಕು ಅಂತಸ್ತು ಎದ್ದಮೇಲೆ ಕಟ್ಟಡದ ತೂಕವೇ ಸಾಕಾಗಬಹುದು. ಅಪಾಯ ಇರುವುದು ಬೇಸ್‌ಮೆಂಟ್ ಮಾತ್ರ ಮುಗಿದು, ಪಂಪ್ ನಿಲ್ಲಿಸಿ, ಮಳೆಗಾಲ ಬಂದಾಗ. ಮೇಲಿನ ಎಷ್ಟು ಸ್ಲ್ಯಾಬ್ ಆಗುವವರೆಗೆ ಪಂಪ್ ಓಡಬೇಕು ಎಂದು ಡಿಸೈನರ್ ಡ್ರಾಯಿಂಗಿನಲ್ಲೇ ಬರೆಯಲಿ.

ಪೈಲ್ ಹಾಕಿಸುವುದೇ ಆದರೆ ಒಂದು ಪೈಲಿನ ಮೇಲಾದರೂ ಡಿಸೈನ್ ಭಾರದ ಒಂದೂವರೆ ಪಟ್ಟು ಇಟ್ಟು ಲೋಡ್ ಟೆಸ್ಟ್ ಮಾಡಿಸಿ. ನೇಲ್ ಆದರೆ ಎಳೆದು ನೋಡುವ ಟೆಸ್ಟ್. ಈ ಖರ್ಚನ್ನು ಕೊಟೇಶನ್‌ನಲ್ಲೇ ಸೇರಿಸಿ ಕೇಳಿ. ಬೋರ್ ಲಾಗ್ (ಬೋರ್‌ಹೋಲಿನಲ್ಲಿ ಯಾವ ಆಳಕ್ಕೆ ಏನು ಸಿಕ್ಕಿತು ಎನ್ನುವ ಪಟ್ಟಿ) ಕೈಗೆ ಬಂದಮೇಲೆ ಆ ಪುಟವನ್ನೂ ನೀರಿನ ಮಟ್ಟವನ್ನೂ ಇಲ್ಲಿ ಹಾಕಿ, ರಾಫ್ಟ್ ಸಾಕೋ ಪೈಲ್ ಬೇಕೋ ನೋಡಿ ಹೇಳುತ್ತೇನೆ.