ಇಂಗ್ಲೆಂಡಿನ ಸಂತೆ ಊರು ನೋಡೋಕೆ ಹೇಗಿರುತ್ತದೆ?

ಲಂಡನ್ ನೋಡಿ ಮುಗಿದ ಮೇಲೆ ಒಂದು ದಿನ ಮಿಕ್ಕಿದೆ, ಹಳ್ಳಿ ಕಡೆಯ ಸಣ್ಣ ಮಾರ್ಕೆಟ್ ಟೌನ್ ಒಂದಕ್ಕೆ ಹೋದರೆ ನೋಡೋಕೆ ಏನಾದರೂ ಇರುತ್ತದಾ ಅಂತ ಕೇಳಿದ್ದೀರಿ. ಇರುತ್ತದೆ. ಆದರೆ ವಾರ ನೋಡಿಕೊಂಡು ಹೋಗಬೇಕು.

ನಾನು ಬರ್ಮಿಂಗ್‌ಹ್ಯಾಮ್‌ನಲ್ಲಿದ್ದಾಗ ಲಡ್ಲೋಗೆ ಎರಡು ಸಲ ಹೋಗಿದ್ದೆ. ಶ್ರಾಪ್‌ಶೈರ್‌ನಲ್ಲಿ, ವೇಲ್ಸ್ ಗಡಿಯ ಹತ್ತಿರ, ಟೀಮ್ ನದಿ ಪಕ್ಕದ ದಿಣ್ಣೆ ಮೇಲಿರುವ ಊರು. ಜನ ಸುಮಾರು 10 ಸಾವಿರ. ಮೊದಲ ಸಲ ಹೋಗಿದ್ದು ಗುರುವಾರ. ಕೋಟೆ ಮುಂದಿನ ಚೌಕ ಖಾಲಿ ಖಾಲಿ. ಸಂತೆ ಇರೋದು ಸೋಮ, ಬುಧ, ಶುಕ್ರ, ಶನಿ ಅಂತ ಆಮೇಲೆ ಗೊತ್ತಾಯಿತು. ವಾರಕ್ಕೆ ನಾಲ್ಕು ದಿನ ಸಂತೆ ಸೇರುವ ಊರಿಗೆ ಸಂತೆ ಇಲ್ಲದ ದಿನವೇ ಹೋಗಿದ್ದು ನನ್ನ ಅದೃಷ್ಟ!

ಎರಡನೇ ಸಲ ಸೆಪ್ಟೆಂಬರ್‌ನ ಒಂದು ಶುಕ್ರವಾರ, ಊರಿಂದ ಬಂದಿದ್ದ ಅಮ್ಮನ ಜೊತೆ. ನಮ್ಮ ಸಂತೆಯ ಗದ್ದಲ ಮಾತ್ರ ನಿರೀಕ್ಷಿಸಬೇಡಿ. ಯಾರೂ ಕೂಗಿ ಕರೆಯಲ್ಲ, ಚೌಕಾಸಿ ಇಲ್ಲ. ಚೀಸು, ಬ್ರೆಡ್ಡು, ತರಕಾರಿ, ಗಿಡ, ಹಳೇ ಪುಸ್ತಕ. ಅಮ್ಮ ಎಲ್ಲ ನೋಡಿ, "ಇಷ್ಟಕ್ಕೆ ಸಂತೆ ಅಂತಾರಾ?" ಅಂದಳು. ಒಂದು ಅಂಗಡಿಯಲ್ಲಿ ಥೇಟ್ ನೇರಳೆ ಹಣ್ಣಿನ ಹಾಗೆ ಕಾಣುವ ಹಣ್ಣು ರಾಶಿ ಹಾಕಿದ್ದರು. ಅದು ಡ್ಯಾಮ್ಸನ್, ಪ್ಲಮ್ ಜಾತಿಯದು, ಆ ಸೀಮೆಯಲ್ಲಿ ಜಾಸ್ತಿ. ಜಾಮ್ ಮಾಡೋದಕ್ಕೆ ಅಂತ ಅಂಗಡಿಯಾಕೆ ಹೇಳುವಷ್ಟರಲ್ಲಿ ಅಮ್ಮ ಒಂದನ್ನು ಬಾಯಿಗೆ ಹಾಕಿ ಆಗಿತ್ತು. ಒಂದು ಕಣ್ಣು ಮುಚ್ಚಿಕೊಂಡಿತು, ಹೆಗಲು ಕಿವಿಗೆ ಬಂತು. "ಇದು ನೇರಳೆ ಅಲ್ಲ, ನೇರಳೆಯ ಅತ್ತೆ!" ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಅಂಗಡಿಯಾಕೆ ನಗುತ್ತಾ ಇನ್ನೊಂದು ಹಿಡಿ ಸುಮ್ನೆ ಚೀಲಕ್ಕೆ ಹಾಕಿದಳು.

ಉಳಿದದ್ದೆಲ್ಲ ನಡೆದಾಡುವ ದೂರದಲ್ಲೇ ಇದೆ. ಕೋಟೆ 11ನೇ ಶತಮಾನದ ಕೊನೆಯಲ್ಲಿ, ಫ್ರಾನ್ಸ್ ಕಡೆಯಿಂದ ಬಂದು ಇಂಗ್ಲೆಂಡ್ ಗೆದ್ದ ನಾರ್ಮನ್ನರು ಶುರು ಮಾಡಿದ್ದು, ಈಗ ಬರೀ ಗೋಡೆಗಳು. ಇಂಗ್ಲೆಂಡಿನ ರಾಜ ಏಳನೇ ಹೆನ್ರಿಯ ಹಿರಿಮಗ ಆರ್ಥರ್ 1502ರಲ್ಲಿ ತೀರಿಕೊಂಡಿದ್ದು ಇಲ್ಲೇ, ಆಗಿನ್ನೂ 15 ವರ್ಷ. ಅವನ ಹೆಂಡತಿ ಕ್ಯಾಥರೀನಳನ್ನು ಆಮೇಲೆ ಆರ್ಥರ್‌ನ ತಮ್ಮ ಎಂಟನೇ ಹೆನ್ರಿ ಮದುವೆಯಾದ. ಆ ಮದುವೆ ಮುರಿಯೋಕೆ ಹೋಗಿಯೇ ಅಲ್ವಾ ಅವನು ಪೋಪ್ ಜೊತೆ ಜಗಳ ಕಾದದ್ದು? ದೊಡ್ಡ ಚರ್ಚ್ ಇದೆ, ಸೇಂಟ್ ಲಾರೆನ್ಸ್. ತಮಾಷೆ ಅಂದರೆ ಗೋಪುರ ದೂರದಿಂದಲೇ ಕಾಣುತ್ತದೆ, ಹತ್ತಿರ ಬಂದರೆ ಮನೆಗಳ ಹಿಂದೆ ಮಾಯ. ಒಂದು ಸಣ್ಣ ಓಣಿಯಲ್ಲಿ ನುಗ್ಗಿ ಹೋಗಬೇಕು. ಗೋಪುರದ ಮೆಟ್ಟಿಲು ಸುಮಾರು 200, ಮಂಡಿ ನೋವಿದ್ದವರು ಕೆಳಗೇ ಕೂತಿರಿ.

ನನಗೆ ತುಂಬಾ ಇಷ್ಟವಾದದ್ದು ಬ್ರಾಡ್ ಸ್ಟ್ರೀಟ್. ಮೇಲ್ತುದಿಯಲ್ಲಿ 1740ರ ದಶಕದ ಬಟರ್‌ಕ್ರಾಸ್ ಅನ್ನೋ ಕಟ್ಟಡ, ಹಿಂದೆ ಅದರ ಕಂಬಗಳ ಕೆಳಗೆ ಬೆಣ್ಣೆ ಮಾರುತ್ತಿದ್ದರಂತೆ. ಅಲ್ಲಿಂದ ಬೀದಿ ನದಿ ಕಡೆ ಇಳಿಯುತ್ತಾ ಹೋಗುತ್ತದೆ. ಕಪ್ಪು ಮರದ ಚೌಕಟ್ಟಿನ ಸೊಟ್ಟ ಮನೆ, ಪಕ್ಕದಲ್ಲೇ ನೆಟ್ಟಗೆ ನಿಂತ ಇಟ್ಟಿಗೆ ಮನೆ. ಇಳಿಜಾರಿನ ಕೆಳಗೆ ಬ್ರಾಡ್‌ಗೇಟ್. ಊರಿನ ಏಳು ಹೆಬ್ಬಾಗಿಲುಗಳಲ್ಲಿ ಉಳಿದಿರೋದು ಇದೊಂದೇ, ಇವತ್ತಿಗೂ ಕಾರು ಅದರೊಳಗೇ ತೂರಿಕೊಂಡು ಹೋಗುತ್ತವೆ. ಹೊಳೆ ದಾಟಿ ವಿಟ್‌ಕ್ಲಿಫ್ ಗುಡ್ಡ ಹತ್ತಿದರೆ ಕೋಟೆ, ಗೋಪುರ, ಹೆಂಚಿನ ಮಾಡು ಎಲ್ಲ ಒಟ್ಟಿಗೆ ಕಾಣುತ್ತವೆ. ಕಾಸಿಲ್ಲ, ಟಿಕೆಟ್ಟಿಲ್ಲ.

ಬೇಜಾರಿನ ವಿಷಯವೂ ಹೇಳಬೇಕು. ಸಂಜೆ ಐದಕ್ಕೆ ಅಂಗಡಿಗಳು ಬಾಗಿಲು ಹಾಕಿದರೆ ಊರು ಗಪ್‌ಚುಪ್. ಸಸ್ಯಾಹಾರಿಗಳಿಗೆ ಮಧ್ಯಾಹ್ನ ಚೀಸ್ ಹಾಕಿದ ಬೇಯಿಸಿದ ಆಲೂಗಡ್ಡೆ ಸಿಕ್ಕರೆ ಅದೇ ಊಟ. ಅಮ್ಮ ಕೈಚೀಲದಲ್ಲಿ ಉಪ್ಪಿನಕಾಯಿ ಡಬ್ಬಿ ತಂದಿದ್ದಳು, ಬಚಾವಾದೆವು.

ಲಂಡನ್‌ನಿಂದ ರೈಲು ಬದಲಿಸಿ ಹೋಗಬೇಕು, ಮೂರು ಗಂಟೆಗೂ ಜಾಸ್ತಿ. ಒಂದೇ ದಿನದಲ್ಲಿ ಹೋಗಿ ಬಂದರೆ ಬರೀ ಕಿಟಕಿ ನೋಡಿದ್ದೇ ಆಗುತ್ತದೆ. ಗುರುವಾರ ಸಂಜೆ ತಲುಪಿ ರಾತ್ರಿ ಅಲ್ಲೇ ಉಳಿದು, ಶುಕ್ರವಾರ ಬೆಳಿಗ್ಗೆ ಚೌಕಕ್ಕೆ ಹೋಗಿ. ಮಧ್ಯಾಹ್ನ ಕಳೆಯುತ್ತಿದ್ದ ಹಾಗೆ ಟಾರ್ಪಾಲು ಮಡಚೋಕೆ ಶುರು ಮಾಡುತ್ತಾರೆ.