ದೂರು ಕೊಟ್ಟವರಿಗೂ ಆದೇಶದ ಪ್ರತಿ ಸಿಗಬೇಕು

ಮಧುಗಿರಿ ತಾಲ್ಲೂಕಿನ ಓದುಗರೊಬ್ಬರ ಪತ್ರ: 'ಜಮೀನಿನ ಪೋಡಿಗೆ (ಅಳತೆ ಮಾಡಿ ಭಾಗ ಬೇರ್ಪಡಿಸುವುದಕ್ಕೆ) ಹಣ ಕೇಳಿದ ನೌಕರರೊಬ್ಬರ ಮೇಲೆ ಎರಡು ವರ್ಷದ ಹಿಂದೆ ದೂರು ಕೊಟ್ಟೆ. ವಿಚಾರಣೆಗೆ ಕರೆದು ಹೇಳಿಕೆ ಬರೆಸಿಕೊಂಡರು. ಮುಂದೇನಾಯಿತೆಂದು ಕೇಳಿದ್ದಕ್ಕೆ, ಅದು ಇಲಾಖೆಯ ಆಂತರಿಕ ವಿಷಯ ಎಂಬ ಹಿಂಬರಹ ಬಂತು. ತಮ್ಮವರನ್ನು ತಾವೇ ವಿಚಾರಿಸಿದರೆ ನ್ಯಾಯ ಸಿಗುವುದೇ? ದೂರು ಬಂದ ದಿನವೇ ಹೆಸರು ಪ್ರಕಟಿಸಬಾರದೇಕೆ?'

ಮಾನ್ಯರೇ,

ನಿಮ್ಮ ನೋವಿನಲ್ಲಿ ನಾನೂ ಪಾಲುದಾರ. ಆದರೆ ನಿಮ್ಮ ಕೊನೆಯ ಸಲಹೆಯನ್ನು ಒಪ್ಪಲಾರೆ.

ನಮ್ಮ ರಾಜ್ಯದ ಇಲಾಖಾ ವಿಚಾರಣೆಗಳು 1957ರ ನಾಗರಿಕ ಸೇವಾ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳಂತೆ ನಡೆಯುತ್ತವೆ. ದೋಷಾರೋಪಣಾ ಪಟ್ಟಿ ಕೊಡುವುದು, ದಾಖಲೆ ನೋಡಲು ಬಿಡುವುದು, ಸಾಕ್ಷಿಗಳ ಪಾಟೀಸವಾಲಿಗೆ ಅವಕಾಶ ನೀಡುವುದು, ಇವೆಲ್ಲ ಆಪಾದಿತ ನೌಕರರಿಗಿರುವ ರಕ್ಷಣೆಗಳು. ವಿಚಾರಣಾಧಿಕಾರಿಯ ವರದಿಯ ಪ್ರತಿಯನ್ನೂ ಅವರಿಗೆ ಕೊಡಬೇಕೆಂದು ಸುಪ್ರೀಂ ಕೋರ್ಟ್ 1993ರಲ್ಲಿ ಬಿ. ಕರುಣಾಕರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಇದಾವುದೂ ಹೆಚ್ಚಾಯಿತೆಂದು ನಾನು ಹೇಳುವುದಿಲ್ಲ. ಆದರೆ ಈ ವ್ಯವಸ್ಥೆಯ ಕಣ್ಣಿಗೆ ಪಕ್ಷಗಳು ಎರಡೇ: ಸರ್ಕಾರ ಮತ್ತು ನೌಕರ. ಹಣ ಕೇಳಿಸಿಕೊಂಡ ರೈತ ಅಲ್ಲಿ ಬರೀ ಸಾಕ್ಷಿ. ಹೇಳಿಕೆಗೆ ಸಹಿ ಹಾಕಿದ ಮೇಲೆ ಅವನ ಕೆಲಸ ಮುಗಿಯಿತು. ನಿಮಗೆ ಬಂದ ಹಿಂಬರಹದ ಬೇರು ಇಲ್ಲಿದೆ ಎಂದು ನನ್ನ ತಿಳಿವಳಿಕೆ.

ಮಾಹಿತಿ ಹಕ್ಕಿನ ಬಾಗಿಲು ತಟ್ಟಿದವರಿಗೆ ಸಾಮಾನ್ಯವಾಗಿ ಸುಪ್ರೀಂ ಕೋರ್ಟಿನ 2012ರ ಗಿರೀಶ್ ರಾಮಚಂದ್ರ ದೇಶಪಾಂಡೆ ತೀರ್ಪನ್ನು ತೋರಿಸುತ್ತಾರೆ. ನೌಕರನಿಗೆ ಕೊಟ್ಟ ನೋಟಿಸು, ದಂಡನೆಯ ಆದೇಶ ಮುಂತಾದವು ವೈಯಕ್ತಿಕ ಮಾಹಿತಿ ಎಂದು ಅದು ಹೇಳಿತು, ನಿಜ. ಆದರೆ ವಿಶಾಲವಾದ ಸಾರ್ವಜನಿಕ ಹಿತವಿದ್ದರೆ ಕೊಡಬಹುದೆಂದೂ ಅದೇ ತೀರ್ಪು ಹೇಳಿದೆ. ಆ ಸಾಲನ್ನು ಹಿಂಬರಹ ಬರೆಯುವವರು ಓದುವುದಿಲ್ಲ. ಲಂಚದ ಆರೋಪ ನೌಕರನ ಮನೆವಾರ್ತೆಯಲ್ಲ, ಅವನು ಸಾರ್ವಜನಿಕರ ಕೆಲಸದಲ್ಲಿ ಮಾಡಿದನೆನ್ನಲಾದ ತಪ್ಪು.

ಇನ್ನು ಹೆಸರಿನ ಮಾತು. ಹಿಂದೆ ನಮ್ಮ ಬೀದಿಯಲ್ಲಿದ್ದ ಗುಮಾಸ್ತರೊಬ್ಬರು ಸುಳ್ಳು ದೂರಿನ ಮೇಲೆ ಅಮಾನತಾದರು. ಊರಿಗೆಲ್ಲ ಸುದ್ದಿ ಅಂದೇ ಗೊತ್ತಾಯಿತು. ವರ್ಷಗಳ ಮೇಲೆ ಅವರು ನಿರ್ದೋಷಿ ಎಂಬ ಆದೇಶ ಬಂದಾಗ ಅದನ್ನು ಕೇಳಲು ಯಾರಿಗೂ ಆಸಕ್ತಿ ಉಳಿದಿರಲಿಲ್ಲ. ಅವರು ಕಡೆಯವರೆಗೂ ಆ ಆದೇಶವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡೇ ಓಡಾಡುತ್ತಿದ್ದರು. ಆದ್ದರಿಂದ ಪ್ರಾಥಮಿಕ ಪರಿಶೀಲನೆಯ ಹಂತದಲ್ಲಿ ಹೆಸರು ಗುಟ್ಟಾಗಿರಲಿ. ದೋಷಾರೋಪಣೆಯ ನಂತರ ವಿಚಾರಣೆ ಯಾವ ಹಂತದಲ್ಲಿದೆಯೆಂದು ದೂರುದಾರನಿಗೆ ತಿಳಿಸಲಿ. ಅಂತಿಮ ಆದೇಶ, ಖುಲಾಸೆಯೇ ಆಗಿರಲಿ ದಂಡನೆಯೇ ಆಗಿರಲಿ, ಕಾರಣಗಳ ಸಮೇತ ಹೊರಬರಲಿ. ಆ ಗುಮಾಸ್ತರಿಗೂ ನಿಮಗೂ ಅನ್ಯಾಯ ಮಾಡಿದ್ದು ಒಂದೇ ಗುಟ್ಟು: ವಿಚಾರಣೆಯ ಫಲಿತಾಂಶ ಜನರ ಮುಂದೆ ಬಾರದಿರುವುದು.

ವಿಳಂಬವೂ ಸಣ್ಣ ವಿಷಯವಲ್ಲ. ಇಲಾಖಾ ವಿಚಾರಣೆಯನ್ನು ಆದಷ್ಟು ಆರು ತಿಂಗಳಲ್ಲಿ, ಅನಿವಾರ್ಯವಾದರೆ ಒಂದು ವರ್ಷದೊಳಗೆ ಮುಗಿಸಬೇಕೆಂದು 2015ರಲ್ಲಿ ಪ್ರೇಮ್ ನಾಥ್ ಬಾಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ತಮ್ಮವರೇ ವಿಚಾರಿಸುತ್ತಾರೆಂಬ ನಿಮ್ಮ ಅಳುಕಿಗೂ ದಾರಿಯಿದೆ: ಮೇಲೆ ಹೇಳಿದ ನಿಯಮಗಳ 14-ಎ ಪ್ರಕಾರ ವಿಚಾರಣೆಯನ್ನು ಲೋಕಾಯುಕ್ತ ಅಥವಾ ಉಪಲೋಕಾಯುಕ್ತರಿಗೆ ವಹಿಸಬಹುದು.

ಸದ್ಯಕ್ಕೆ ನೀವು ಮಾಡಬಹುದಾದದ್ದು ಇಷ್ಟು. ದೋಷಾರೋಪಣಾ ಪಟ್ಟಿ ಜಾರಿಯಾದ ದಿನಾಂಕ, ವಿಚಾರಣೆಯ ಈಗಿನ ಹಂತ, ಅಂತಿಮ ಆದೇಶವಾಗಿದ್ದರೆ ಅದರ ಪ್ರತಿ, ಈ ಮೂರನ್ನೇ ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಕೇಳಿ. ಸಾರ್ವಜನಿಕ ಹಿತದ 8(2)ನೇ ಕಲಮನ್ನೂ, ಕೊಡಬಾರದ ಭಾಗ ತೆಗೆದು ಉಳಿದದ್ದನ್ನು ಕೊಡಿ ಎನ್ನುವ 10ನೇ ಕಲಮನ್ನೂ ಅದರಲ್ಲಿ ಕಾಣಿಸಿ. ನಿರಾಕರಿಸಿದರೆ 30 ದಿನದೊಳಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಎರಡನೆಯದು. ಬರುವ ಉತ್ತರದ ಒಂದು ನಕಲನ್ನು ನಮಗೂ ಕಳಿಸಿ.

ಸಂಪಾದಕ
ತುಮಕೂರು