ಬರೀ ಫಾರ್ಮ್ ತುಂಬೋ ಕೆಲಸವಾ ಅಂತ ಕೇಳಿದ ತಂಗಿಗೆ

ತಂಗಿ,

ಪತ್ರದಲ್ಲಿ ‘ಅಣ್ಣ’ ಅಂತ ಕರೆದಿದ್ದೀಯ. ಹಾಗಾಗಿ ನಾನೂ ಏಕವಚನದಲ್ಲೇ ಬರೆಯುತ್ತಿದ್ದೇನೆ, ತಪ್ಪು ತಿಳಿಯಬೇಡ. ಗದಗಿನ ಹುಡುಗಿ, ಬೆಂಗಳೂರಿನಲ್ಲಿ ಪ್ಲಾಸ್ಟಿಕ್ ಸರ್ಜರಿ ಎಂಸಿಎಚ್ ಮುಗಿಸಿ, ಇಂಗ್ಲೆಂಡಿಗೆ ಎರಡು ವರ್ಷದ ರಿಸರ್ಚ್ ಫೆಲೋ ಆಗಿ ಬರುತ್ತಿದ್ದೀಯ. ಅದೂ ಸೀಳು ಅಂಗುಳದ, ಅಂದರೆ ಬಾಯಿಯ ಮೇಲ್ಭಾಗ ಸೀಳಿಕೊಂಡೇ ಹುಟ್ಟಿದ ಮಕ್ಕಳ ಅಧ್ಯಯನಕ್ಕೆ. ಓದಿ ತುಂಬಾ ಖುಷಿಯಾಯಿತು. ಹಾವೇರಿಯಿಂದ ಹೊರಟು ಇಂಥದ್ದೇ ಕೆಲಸಕ್ಕೆ ನಾನು ಮ್ಯಾಂಚೆಸ್ಟರ್‌ಗೆ ಬಂದಿಳಿದದ್ದು 2012ರ ಜನವರಿಯಲ್ಲಿ. ಸಂಜೆ ನಾಲ್ಕೂವರೆಗೆ ಕತ್ತಲು ಕವಿದಿತ್ತು. ಬಸ್ ಸ್ಟಾಪಿನಲ್ಲಿ ಎರಡು ಸೂಟ್‌ಕೇಸ್ ಇಟ್ಟುಕೊಂಡು ನಿಂತಾಗ, ವಾಪಸ್ ಹೋಗಿಬಿಡೋಣ ಅನ್ನಿಸಿತ್ತು.

ಚಳಿ, ಊಟ, ಸಂಬಳ, ಅಮ್ಮನನ್ನು ಕರೆಸೋದು ಎಲ್ಲ ಕೇಳಿ, ಕೊನೆಗೆ ಒಂದು ಸಾಲು ಬರೆದಿದ್ದೀಯ: ‘ಎರಡು ವರ್ಷ ಓಟಿ (ಆಪರೇಷನ್ ಥಿಯೇಟರ್) ಇಲ್ಲ ಅಂತಾರೆ. ಬರೀ ಫಾರ್ಮ್ ತುಂಬೋದಕ್ಕೆ ಅಷ್ಟು ದೂರ ಬರಬೇಕಾ ಅಣ್ಣ?’ ಆ ಸಾಲಿಗೇ ನಾನು ಉತ್ತರ ಬರೆಯಬೇಕಿರೋದು. ಮೊದಲು ಉಳಿದದ್ದನ್ನು ಮುಗಿಸುತ್ತೇನೆ.

ಸಂಬಳ ಒಬ್ಬಳಿಗೆ ಸಾಕು. ಲಂಡನ್ ಆದರೆ ಬಾಡಿಗೆಗೇ ಜಾಸ್ತಿ ಹೋಗುತ್ತದೆ. ಕೋಟು ಅಲ್ಲಿ ಕೊಳ್ಳಬೇಡ, ಇಲ್ಲಿ ಬಂದು ತಗೋ. ಜೋಳದ ಹಿಟ್ಟು ಇಂಡಿಯನ್ ಅಂಗಡಿಗಳಲ್ಲಿ ಸಿಗುತ್ತದೆ. ಆದರೆ ಎಷ್ಟು ಹಳೆಯದೋ ಏನೋ, ರೊಟ್ಟಿ ತಟ್ಟುವಾಗ ಅಂಚು ಒಡೆಯುತ್ತದೆ. ಶೇಂಗಾ ಹಿಂಡಿ ಧಾರಾಳವಾಗಿ ತಾ. ಧಾರವಾಡ ಪೇಢಾ ಮಾತ್ರ ತರಬೇಡ. ಹಾಲಿನ ಪದಾರ್ಥ ತರೋದಕ್ಕೆ ಇಲ್ಲಿ ಬಿಡೋದಿಲ್ಲ, ಏರ್‌ಪೋರ್ಟಿನಲ್ಲೇ ತೆಗೆದು ಎಸೆಯುತ್ತಾರೆ. ನೋಡಿ ಹೊಟ್ಟೆ ಉರಿಯುತ್ತದೆ. ಅಮ್ಮ ವಿಸಿಟರ್ ವೀಸಾದಲ್ಲಿ ಆರು ತಿಂಗಳವರೆಗೆ ಬಂದಿರಬಹುದು. ಬೇಸಿಗೆಯಲ್ಲಿ ಕರೆಸು. ಚಳಿಗಾಲದಲ್ಲಿ ಒಬ್ಬರೇ ಮನೆಯಲ್ಲಿ ಕೂತರೆ ಅವರಿಗೆ ಬಹಳ ಬೇಜಾರಾಗುತ್ತದೆ. ರೋಗಿಗಳಿಗೆ ಚಿಕಿತ್ಸೆ ಕೊಡೋ ಕೆಲಸವೂ ಇದ್ದರೆ ಇಲ್ಲಿನ ವೈದ್ಯರ ಮಂಡಳಿ ಜಿಎಂಸಿಯ ನೋಂದಣಿ ಬೇಕೇ ಬೇಕು. ಅದನ್ನು ಈಗಲೇ ಕೇಳಿ, ಬರಹದಲ್ಲಿ ಉತ್ತರ ತಗೋ.

ಇಂಡಿಯಾದವರು ಅಂತ ಕೀಳಾಗಿ ನೋಡ್ತಾರಾ ಅಂತಲೂ ಕೇಳಿದ್ದೀಯ. ನೋಡುವವರು ಎಲ್ಲೋ ಒಬ್ಬರು ಇರ್ತಾರೆ. ನೀನು ತಲೆ ತಗ್ಗಿಸಬೇಡ. ಈ ದೇಶದ ಪ್ಲಾಸ್ಟಿಕ್ ಸರ್ಜರಿಯ ಮೊದಲ ಪುಟಗಳಲ್ಲೇ ನಮ್ಮವರಿದ್ದಾರೆ. 1792ರ ಯುದ್ಧದಲ್ಲಿ ಕವಾಸ್‌ಜೀ ಅನ್ನುವ ಎತ್ತಿನ ಗಾಡಿಯವನು ಟಿಪ್ಪುವಿನ ಕಡೆಯವರ ಕೈಗೆ ಸಿಕ್ಕು, ಮೂಗು ಮತ್ತು ಒಂದು ಕೈ ಕಳೆದುಕೊಂಡ. ಪುಣೆಯ ಹತ್ತಿರ ಒಬ್ಬರು ಅವನ ಹಣೆಯ ಚರ್ಮ ಇಳಿಸಿ ಮೂಗು ಕಟ್ಟಿಕೊಟ್ಟರು. ಅದರ ವರದಿ 1794ರಲ್ಲಿ ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಝೀನ್’ನಲ್ಲಿ ಅಚ್ಚಾಯಿತು. ಜೋಸೆಫ್ ಕಾರ್ಪ್ಯೂ ಅನ್ನುವ ಇಲ್ಲಿನ ಸರ್ಜನ್ ಅದೇ ವಿಧಾನದಲ್ಲಿ ಮೊದಲ ಆಪರೇಷನ್ ಮಾಡಿದ್ದು 1814ರಲ್ಲಿ. ಇಪ್ಪತ್ತು ವರ್ಷ ಬಿಟ್ಟು! ಆ ವರದಿಯಲ್ಲಿ ಮೂಗು ಕಟ್ಟಿಸಿಕೊಂಡವನ ಹೆಸರಿದೆ, ಕಟ್ಟಿದವರ ಹೆಸರಿಲ್ಲ. ನನಗೆ ಈಗಲೂ ಅದು ಸಂಕಟ. ಕೈಚಳಕ ನಮ್ಮದು, ಬರೆದಿಟ್ಟವರು ಇವರು.

ಈಗ ನಿನ್ನ ಆ ಸಾಲಿಗೆ ಬರುತ್ತೇನೆ.

ಹೌದು, ಫಾರ್ಮ್ ಜಾಸ್ತಿ. ಮೊದಲ ವಾರವೇ ಜಿಸಿಪಿ, ಅಂದರೆ ಸಂಶೋಧನೆಯನ್ನು ಸರಿಯಾಗಿ ನಡೆಸೋ ನಿಯಮಗಳ ತರಬೇತಿ ಮಾಡಿಸುತ್ತಾರೆ. ಅಧ್ಯಯನಕ್ಕೆ ಅನುಮತಿ ಕೇಳೋದಕ್ಕೆ ಐರಾಸ್ ಅನ್ನುವ ಆನ್‌ಲೈನ್ ಅರ್ಜಿ ಇದೆ, ಅದನ್ನು ತುಂಬುವಷ್ಟರಲ್ಲಿ ಕಣ್ಣು ಕತ್ತಲೆ ಬರುತ್ತದೆ. ಆಮೇಲೆ ಎಥಿಕ್ಸ್ ಕಮಿಟಿ. ನಮ್ಮ ಥೀಸಿಸ್ ಕಾಲದ ಕಮಿಟಿಯಂತೆ ಸಹಿಗೆ ಕಾಯೋದಷ್ಟೇ ಅಲ್ಲ. ಡಾಕ್ಟರಲ್ಲದ, ಸಾಮಾನ್ಯ ಜನರೂ ಅದರಲ್ಲಿ ಕೂತಿರುತ್ತಾರೆ. ‘ಈ ಮಾತು ಒಬ್ಬ ತಾಯಿಗೆ ಅರ್ಥ ಆಗುತ್ತಾ?’ ಅಂತ ನಿನ್ನ ಮಾಹಿತಿ ಪತ್ರದ ಒಂದೊಂದು ಸಾಲನ್ನೂ ಕೇಳುತ್ತಾರೆ.

ಕನ್ಸೆಂಟ್, ಅಂದರೆ ಒಪ್ಪಿಗೆ ತಗೊಳ್ಳೋ ವಿಷಯದಲ್ಲಿ ನಾನು ಬಹಳ ಒದ್ದಾಡಿದೆ. ನಮ್ಮ ಓಪಿಡಿ ನಿನಗೆ ಗೊತ್ತಲ್ವಾ. ‘ನೀವ್ ಹೆಂಗ್ ಹೇಳ್ತೀರೋ ಹಂಗ್ರೀ ಸಾಹೇಬ್ರ’ ಅಂದು ಹೆಬ್ಬೆಟ್ಟು ಒತ್ತುತ್ತಾರೆ. ಇಲ್ಲಿ ಒಬ್ಬ ತಾಯಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೇಳಿದಳು: ‘ಈ ಎರಡು ಚಿಕಿತ್ಸೆಗಳಲ್ಲಿ ಯಾವುದು ಒಳ್ಳೆಯದು?’ ‘ಗೊತ್ತಿಲ್ಲ, ತಿಳಿಯೋದಕ್ಕೇ ಈ ಅಧ್ಯಯನ’ ಅನ್ನುವುದೇ ಸತ್ಯ. ಅಷ್ಟು ಹೇಳೋಕೆ ನನ್ನ ಬಾಯಿ ಏಳಲಿಲ್ಲ. ಡಾಕ್ಟರಾಗಿ ಗೊತ್ತಿಲ್ಲ ಅನ್ನೋದನ್ನು ನಮಗೆ ಯಾರೂ ಕಲಿಸಿರಲಿಲ್ಲ. ಕನ್ನಡಿ ಮುಂದೆ ನಿಂತು ಆ ಮಾತು ಅಭ್ಯಾಸ ಮಾಡಿದ್ದೇನೆ, ನಿಜವಾಗಿ.

ಆದರೆ ನಾನು ಕಲಿತ ದೊಡ್ಡ ಪಾಠ ಇದಲ್ಲ. ಅದು ಊರಿನಲ್ಲೇ ಶುರುವಾದದ್ದು.

2009ರಲ್ಲಿ ನಮ್ಮ ಕಡೆಯ ಒಂದು ಆಸ್ಪತ್ರೆಯಲ್ಲಿದ್ದೆ. ಕ್ಯಾಂಪ್ ಮಾಡಿ ಸೀಳುತುಟಿ, ಸೀಳು ಅಂಗುಳದ ಮಕ್ಕಳನ್ನು ಕರೆತರುತ್ತಿದ್ದೆವು. ಎರಡು ವರ್ಷದ ಒಬ್ಬ ಹುಡುಗನ ಅಂಗುಳ ನಾನೇ ಹೊಲಿದೆ. ಚೆನ್ನಾಗಿ ಬಂತು. ಎರಡು ವರ್ಷ ಬಿಟ್ಟು ಅವನಪ್ಪ ಅವನನ್ನು ಹೆಗಲ ಮೇಲೆ ಹೊತ್ತುಕೊಂಡು ಫಾಲೋಅಪ್‌ಗೆ ಬಂದ. ನಾನು ಟಾರ್ಚ್ ಹಿಡಿದು ಬಾಯಿ ತೆರೆಸಿದೆ. ತೂತಿಲ್ಲ, ಗಾಯ ಪೂರ್ತಿ ಮಾಯ್ದಿದೆ. ಫೋಟೋ ತೆಗೆದೆ. ಕೇಸ್ ಶೀಟಿನಲ್ಲಿ ಹಾಗೇ ಬರೆದೆ. ಅಪ್ಪ ಹೋಗದೆ ನಿಂತೇ ಇದ್ದ. ಆಮೇಲೆ ಹೇಳಿದ: ‘ಅಪ್ಪಾ ಅನ್ನಾಕ ಬರೂದಿಲ್ರೀ ಇವಂಗ. ನನಗ ಅಮ್ಮಾ ಅಂತಾನ್ರೀ.’

ಯಾಕೆ ಅಂತ ನಿನಗೆ ಗೊತ್ತು. ಪ ಅನ್ನಬೇಕಾದರೆ ಅಂಗುಳದ ಹಿಂಭಾಗ ಎದ್ದು ಮೂಗಿನ ದಾರಿ ಮುಚ್ಚಬೇಕು. ಮುಚ್ಚದೇ ಇದ್ದರೆ ಗಾಳಿ ಮೂಗಿಗೆ ಸೋರುತ್ತದೆ, ಪ ಹೋಗಿ ಮ ಆಗುತ್ತದೆ. ಬ ಕೂಡ ಹಾಗೇ. ಒಂದು ಚಿಕ್ಕ ಕನ್ನಡಿಯನ್ನು ಮೂಗಿನ ಕೆಳಗೆ ಹಿಡಿದು ‘ಪಪಪ’ ಅನ್ನಿಸಿದ್ದರೆ ಸಾಕಿತ್ತು. ಕನ್ನಡಿ ಮಂಜಾಗಿದ್ದರೆ ಸೋರಿಕೆ ಇದೆ ಅಂತ ಅಲ್ಲೇ ತಿಳಿಯುತ್ತಿತ್ತು. ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಚೀಟಿ ಬರೆದುಕೊಡಬಹುದಿತ್ತು. ಅಲ್ಲಿ ಪರೀಕ್ಷೆ ಮಾಡಿ, ಬೇಕಾದರೆ ಇನ್ನೊಂದು ಆಪರೇಷನ್ ಆಗಬೇಕು ಅಂತ ಹೇಳುತ್ತಿದ್ದರು. ನಾನು ಮಾಡಿದ್ದೇನು ಗೊತ್ತಾ? ‘ದೊಡ್ಡವನಾದ ಮೇಲೆ ಸರಿಹೋಗುತ್ತೆ, ಹೋಗಿ ಬಾ’ ಅಂದೆ. ಹೊರಗೆ ಇನ್ನೂ ನಲವತ್ತು ಜನ ಕಾಯುತ್ತಿದ್ದರು. ಅಪ್ಪ ಕೈ ಮುಗಿದು ಹೋದ.

ಇಲ್ಲಿಗೆ ಬಂದ ಮೂರನೇ ತಿಂಗಳು ನನ್ನನ್ನು ಒಂದು ಸಣ್ಣ ಕೋಣೆಯಲ್ಲಿ ಕೂರಿಸಿದರು. ಐದು ವರ್ಷದ ಒಂದು ಹುಡುಗಿ, ಒಬ್ಬ ಸ್ಪೀಚ್ ಥೆರಪಿಸ್ಟ್, ಮೂಲೆಯಲ್ಲಿ ವಿಡಿಯೋ ಕ್ಯಾಮೆರಾ. ಈ ದೇಶದಲ್ಲಿ ಅಂಗುಳದ ಆಪರೇಷನ್ ಆದ ಮಕ್ಕಳನ್ನು ಐದನೇ ವರ್ಷಕ್ಕೆ ಹೀಗೆ ಕರೆಸಿ ಮಾತಾಡಿಸುತ್ತಾರೆ. ಒಂದೊಂದು ವಾಕ್ಯದಲ್ಲೂ ಒಂದೊಂದು ಅಕ್ಷರ ತುಂಬಿಸಿರುತ್ತಾರೆ. ಪ ಅಕ್ಷರಕ್ಕೆ ನಾಯಿಮರಿಯ ಬಗ್ಗೆ ಒಂದು ವಾಕ್ಯ. ಹುಡುಗಿ ಕಾಲು ಆಡಿಸುತ್ತಾ ಹೇಳಿದಳು. ಒಂದೊಂದು ಪ ಕೂಡ ತುಟಿಯಿಂದ ಪಟ್ ಅಂತ ಸಿಡಿದು ಬಂತು. ನಾನು ಫಾರ್ಮ್ ಹಿಡಿದು ಕೂತಿದ್ದೆ. ಆ ಅಪ್ಪ ನೆನಪಾದ. ಪೆನ್ನು ಆಡಲಿಲ್ಲ.

ಅಧ್ಯಯನವಾದರೆ ಆ ರೆಕಾರ್ಡಿಂಗನ್ನು ಕೇಳಿ ಅಂಕ ಹಾಕುವವರಿಗೆ ಯಾವ ಮಗುವಿಗೆ ಯಾವ ಚಿಕಿತ್ಸೆ ಆಯಿತು ಅನ್ನೋದನ್ನು ಹೇಳುವುದಿಲ್ಲ. ಬರೀ ಕಿವಿಯಿಂದ ತೀರ್ಮಾನ. ನನ್ನ ಹೊಲಿಗೆ ಎಷ್ಟು ನಾಜೂಕಾಗಿತ್ತು ಅಂತ ಅಲ್ಲಿ ಯಾರೂ ಕೇಳೋದಿಲ್ಲ.

ನಾನು ಬಂದ ದಿನಗಳಲ್ಲೇ ಟಾಪ್ಸ್ ಅನ್ನುವ ಟ್ರಯಲ್ ನಡೆಯುತ್ತಿತ್ತು. ನಾನು ಆ ತಂಡದಲ್ಲಿ ಇರಲಿಲ್ಲ. ಆದರೆ ಊಟದ ಹೊತ್ತಲ್ಲೂ ಅದರದ್ದೇ ಮಾತು. ಪ್ರಶ್ನೆ ತುಂಬಾ ಸರಳ: ಸೀಳು ಅಂಗುಳವನ್ನು ಆರು ತಿಂಗಳಿಗೆ ಹೊಲಿಯಬೇಕಾ, ಹನ್ನೆರಡು ತಿಂಗಳಿಗೆ ಹೊಲಿಯಬೇಕಾ? ಎಷ್ಟೋ ವರ್ಷಗಳಿಂದ ಒಬ್ಬೊಬ್ಬ ಸರ್ಜನ್ ಒಂದೊಂದು ಹೇಳುತ್ತಿದ್ದರು. ಯುರೋಪ್ ಮತ್ತು ದಕ್ಷಿಣ ಅಮೆರಿಕದ 23 ಕೇಂದ್ರಗಳಲ್ಲಿ 558 ಶಿಶುಗಳನ್ನು ಸೇರಿಸಿಕೊಂಡರು. ಮಕ್ಕಳು ಐದು ವರ್ಷದವರಾಗುವ ತನಕ ಕಾದರು. ಮತ್ತೆ ಕರೆಸಿ, ಕೂರಿಸಿ, ಮಾತಾಡಿಸಿದರು. ಫಲಿತಾಂಶ ಬಂದದ್ದು 2023ರಲ್ಲಿ. ಕೊನೆಗೆ ಮಾತು ಅಳೆಯಲು ಸಿಕ್ಕವರ ಲೆಕ್ಕ ಇದು: ಗಾಳಿ ಸೋರಿ ಮಾತು ಕೆಟ್ಟವರು, ಆರು ತಿಂಗಳಿಗೆ ಹೊಲಿದ 235 ಮಕ್ಕಳಲ್ಲಿ 21. ಹನ್ನೆರಡು ತಿಂಗಳಿಗೆ ಹೊಲಿದ 226 ಮಕ್ಕಳಲ್ಲಿ 34. ನೂರಕ್ಕೆ ಸುಮಾರು 9 ಮತ್ತು 15. ಇಷ್ಟು ತಿಳಿಯೋದಕ್ಕೆ ಹತ್ತು ವರ್ಷಕ್ಕೂ ಮೇಲೆ ಹಿಡಿಯಿತು. ಎಷ್ಟು ಫಾರ್ಮ್ ತುಂಬಿರಬೇಡ ಹೇಳು!

ಇದನ್ನು ಓದಿ ಊರಿಗೆ ಹೋಗಿ ಎಲ್ಲರಿಗೂ ಆರು ತಿಂಗಳಿಗೇ ಮಾಡಿಬಿಡೋಣ ಅಂದುಕೊಳ್ಳಬೇಡ. ಅದು ಆರೋಗ್ಯವಾಗಿದ್ದ ಶಿಶುಗಳ ಲೆಕ್ಕ, ಎಲ್ಲ ಸೌಲಭ್ಯ ಇರುವ ಆಸ್ಪತ್ರೆಗಳ ಲೆಕ್ಕ. ನಮ್ಮಲ್ಲಿ ತೂಕವೇ ಇಲ್ಲದ ಕೂಸು ಬರುತ್ತದೆ. ಮೂರು ವರ್ಷಕ್ಕೆ, ಎಂಟು ವರ್ಷಕ್ಕೆ ಬರುವವರೂ ಇದ್ದಾರೆ. ನಮ್ಮ ಪ್ರಶ್ನೆ ಬೇರೆ. ಅದನ್ನು ಕೇಳಬೇಕಾದವಳು ನೀನು, ಕನ್ನಡದ ವಾಕ್ಯಗಳನ್ನು ಇಟ್ಟುಕೊಂಡು.

ಓಟಿ ಬಿಟ್ಟರೆ ಕೈ ತುಕ್ಕು ಹಿಡಿಯುತ್ತೆ ಅನ್ನೋ ನಿನ್ನ ಭಯ ಸುಳ್ಳಲ್ಲ. ವಾರಕ್ಕೊಂದು ದಿನ ಓಟಿಯಲ್ಲಿ ಅಸಿಸ್ಟ್ ಮಾಡೋದಕ್ಕೆ ಬಿಡಿ ಅಂತ ಸೇರುವ ಮೊದಲೇ ಕೇಳು. ನಾನು ಸಂಕೋಚಪಟ್ಟು ಕೇಳಲಿಲ್ಲ. ಎರಡು ವರ್ಷ ಆದ ಮೇಲೆ ಕೈ ಹಿಡಿತಕ್ಕೆ ಬರೋಕೆ ಆರು ತಿಂಗಳು ಬೇಕಾಯಿತು. ಆದರೆ ಬಂತು.

2018ರಲ್ಲಿ ರಜೆಗೆ ಹೋದಾಗ ಆ ಹುಡುಗನನ್ನು ಹುಡುಕಿದೆ. ಕೇಸ್ ಶೀಟಿನಲ್ಲಿ ಅಪ್ಪನ ಹೆಸರು, ‘ಕೂಲಿ’, ತಾಲೂಕಿನ ಹೆಸರು ಅಷ್ಟೇ ಇತ್ತು. ಫೋನ್ ನಂಬರಿನ ಜಾಗ ಖಾಲಿ. ಖಾಲಿ ಬಿಟ್ಟದ್ದು ನಾನೇ, ಹಾಳೆಯಲ್ಲಿದ್ದದ್ದು ನನ್ನದೇ ಕೈಬರಹ. ಕ್ಯಾಂಪಿನ ಹಳೇ ರಿಜಿಸ್ಟರ್ ಹಿಡಿದು ಊರು ಪತ್ತೆ ಮಾಡಿ ಹೋದೆ. ಮನೆಗೆ ಬೀಗ. ಎಲ್ಲರೂ ಗೋವಾಕ್ಕೆ ದುಡಿಯೋಕೆ ಹೋಗಿದ್ದಾರೆ ಅಂದರು. ಪಕ್ಕದ ಮನೆಯ ಅಜ್ಜಿ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು. ಹುಡುಗ ಹೇಗಿದ್ದಾನೆ, ಮಾತು ಸರಿಯಾಯಿತಾ ಅಂತ ಕೇಳಿದೆ. ‘ಶ್ಯಾಣ್ಯಾ ಅದಾನ್ರೀ. ಮಾತಾಡೂದ ಕಡಿಮಿ’ ಅಂದಳು. ನನ್ನ ನಂಬರ್ ಬರೆದುಕೊಟ್ಟು ಬಂದೆ. ಫೋನ್ ಬರಲಿಲ್ಲ.

ನೀನು ಹೊರಡೋಕೆ ಇನ್ನೂ ಮೂರು ತಿಂಗಳಿದೆ ಅಂದಿದ್ದೀಯ. ಅಷ್ಟರಲ್ಲಿ ನಿನ್ನ ಓಪಿಡಿಗೆ ಬರುವ ಪ್ರತಿ ಅಂಗುಳದ ಮಗುವಿಗೂ ಎರಡು ಫೋನ್ ನಂಬರ್ ಬರೆದಿಟ್ಟುಕೋ. ಒಂದು ಮನೆಯದು, ಇನ್ನೊಂದು ಆ ಊರಿನ ಆಶಾ ಕಾರ್ಯಕರ್ತೆಯದು. ಜನ ಊರು ಬಿಡುತ್ತಾರೆ, ಸಿಮ್ ಬದಲಾಯಿಸುತ್ತಾರೆ. ಆಶಾ ಅಲ್ಲೇ ಇರುತ್ತಾಳೆ. ಜೇಬಿನಲ್ಲಿ ಒಂದು ಕನ್ನಡಿ ಇಟ್ಟುಕೋ.

ಇನ್ನೊಂದು ಮಾತು. ಮುಂದಿನ ತಿಂಗಳು ಹಾವೇರಿ ಕಡೆ ಕ್ಯಾಂಪಿಗೆ ಹೋಗ್ತೀನಿ ಅಂತ ಬರೆದಿದ್ದೀಯ. ಆ ಹುಡುಗನಿಗೆ ಈಗ ಹದಿನೆಂಟು ತುಂಬಿರಬೇಕು. ಆ ವಯಸ್ಸಿನಲ್ಲೂ ಮಾತಿಗಾಗಿ ಆಪರೇಷನ್ ಮಾಡುತ್ತಾರೆ, ಒಂದಿಷ್ಟಾದರೂ ಸುಧಾರಿಸುತ್ತದೆ. ಊರಿನ ಹೆಸರು, ಅಪ್ಪನ ಹೆಸರು ನಿನಗೊಬ್ಬಳಿಗೇ ಫೋನಿನಲ್ಲಿ ಹೇಳುತ್ತೇನೆ. ಅವರು ಊರಿಗೆ ವಾಪಸ್ ಬಂದಿದ್ದರೆ ಒಮ್ಮೆ ಹೋಗಿ ನೋಡು. ಅವನಿಗೆ ಇಷ್ಟವಿದ್ದರೆ ಮಾತಾಡಿಸು. ಇಲ್ಲಿ ಎಷ್ಟೇ ರಾತ್ರಿಯಾಗಿರಲಿ, ಅಲ್ಲಿಂದಲೇ ನನಗೆ ಫೋನ್ ಮಾಡು.

ನಿನ್ನ ಅಣ್ಣ